ಸ್ಮಾರ್ಟ್ ಮೀಟರ್ ಹಾಕಿಸಿದ್ರೆ ಕರೆಂಟ್ ಬಿಲ್ ನಿಜವಾಗಲೂ ಕಡಿಮೆ ಆಗುತ್ತಾ?

ಈ ವಾರದ ಸಂಚಿಕೆಯಲ್ಲಿ ಒಂದೇ ಪ್ರಶ್ನೆ ಇಟ್ಕೊಂಡು ಕೂತಿದ್ದೀನಿ. ಕಳೆದ ಕೆಲವು ತಿಂಗಳಲ್ಲಿ ನಿಮ್ಮಲ್ಲಿ ಅನೇಕರು ವಾಯ್ಸ್ ಮೆಸೇಜಲ್ಲಿ ಕೇಳಿದ ಪ್ರಶ್ನೆ ಇದು: "ಸ್ಮಾರ್ಟ್ ಮೀಟರ್ ಬಂದ್ರೆ ಮನೆ ಬಿಲ್ ಕಡಿಮೆ ಆಗುತ್ತಂತೆ, ಹೌದಾ?" ಇನ್ನು ಕೆಲವರು ಪೂರ್ತಿ ಉಲ್ಟಾ ಕೇಳಿದ್ರು: "ಸ್ಮಾರ್ಟ್ ಮೀಟರ್ ಜೋರಾಗಿ ಓಡುತ್ತಂತೆ, ಬಿಲ್ ಡಬಲ್ ಆಗುತ್ತಂತೆ, ನಿಜಾನಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ, ಪೂರ್ತಿ ಕೇಳೋಕೆ ಟೈಮ್ ಇಲ್ಲದವರಿಗೆ ಇಷ್ಟು ಸಾಕು. ಮೀಟರ್ ತಾನಾಗಿಯೇ ಒಂದು ರೂಪಾಯಿಯನ್ನೂ ಉಳಿಸಲ್ಲ. ಅದು ತಕ್ಕಡಿ ಇದ್ದ ಹಾಗೆ, ತೂಕ ತೋರಿಸುತ್ತೆ ಅಷ್ಟೆ. ತೂಕದ ಯಂತ್ರದ ಮೇಲೆ ದಿನಾ ಹತ್ತಿ ಇಳಿದ ಮಾತ್ರಕ್ಕೆ ಯಾರೂ ಸಣ್ಣ ಆಗಲ್ಲ. ದುಡ್ಡು ಉಳಿಯೋದು ಮೂರು ವಿಷಯ ಕೂಡಿ ಬಂದಾಗ: ಮೀಟರ್ ಹೇಳೋದು ನಿಮ್ಮ ಕಣ್ಣಿಗೆ ಬೀಳಬೇಕು, ನೋಡಿದ ಮೇಲೆ ನೀವು ಏನಾದ್ರೂ ಬದಲಾಯಿಸಬೇಕು, ಬದಲಾಯಿಸಿದ್ದಕ್ಕೆ ದರಪಟ್ಟಿಯಲ್ಲಿ ಬೆಲೆ ಸಿಗಬೇಕು. ನಮ್ಮ ಕರ್ನಾಟಕದಲ್ಲಿ ಸದ್ಯಕ್ಕೆ ಮೂರನೇದೇ ಅರ್ಧ ಕಾಣೆ.

ಯಾಕೆ ಅಂತ ಒಂದೊಂದಾಗಿ ನೋಡೋಣ. ನಾನು ಬಿಕಾಂ ಓದಿದವನು, ಎಲೆಕ್ಟ್ರಿಕಲ್ ಇಂಜಿನಿಯರ್ ಅಲ್ಲ. ಹಾಗಾಗಿ ವೈರಿಂಗ್ ಕಥೆ ಕಡಿಮೆ, ಲೆಕ್ಕ ಜಾಸ್ತಿ.

ಈ ಮೀಟರ್ ಮಾಡೋದು ಏನು?

ನಿಮ್ಮ ಮನೆಯಲ್ಲಿ ಈಗ ಇರೋದು ಬಹುಶಃ ಡಿಜಿಟಲ್ ಡಿಸ್‌ಪ್ಲೇ ಇರೋ ಮಾಮೂಲಿ ಮೀಟರ್. ತಿಂಗಳಿಗೊಮ್ಮೆ ಮೀಟರ್ ರೀಡರ್ ಬರ್ತಾರೆ, ರೀಡಿಂಗ್ ತಗೊಂಡು ಕೈಲಿರೋ ಮಷಿನ್‌ನಲ್ಲಿ ಬಿಲ್ ಹರಿದು ಕೊಟ್ಟು ಹೋಗ್ತಾರೆ. ತಿಂಗಳಲ್ಲಿ ಒಂದೇ ಸಂಖ್ಯೆ. ಯಾವ ದಿನ ಎಷ್ಟು ಉರಿಯಿತು, ಬೆಳಗ್ಗೆ ಎಷ್ಟು, ರಾತ್ರಿ ಎಷ್ಟು, ಏನೂ ಗೊತ್ತಾಗಲ್ಲ.

ಸ್ಮಾರ್ಟ್ ಮೀಟರ್ 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ಬರೆದಿಟ್ಟುಕೊಳ್ಳುತ್ತೆ. ಮೊಬೈಲ್ ನೆಟ್‌ವರ್ಕ್ ಅಥವಾ ರೇಡಿಯೋ ಸಿಗ್ನಲ್ ಮೂಲಕ ಆ ಮಾಹಿತಿಯನ್ನು ವಿದ್ಯುತ್ ಕಂಪನಿಗೆ ಕಳಿಸುತ್ತೆ. ಕಂಪನಿ ಕೂಡ ಆ ಕಡೆಯಿಂದ ಮೀಟರಿಗೆ ಸಂದೇಶ ಕಳಿಸಬಹುದು. ಅಂದ್ರೆ ಲೈನ್‌ಮ್ಯಾನ್ ಬಾರದೇನೇ ಸಂಪರ್ಕ ಕಟ್ ಮಾಡಬಹುದು, ಮತ್ತೆ ಕೊಡಬಹುದು. ಪೋಸ್ಟ್‌ಪೇಯ್ಡ್ ಆಗಿ ಓಡಿಸಬಹುದು, ಮೊಬೈಲ್ ರೀಚಾರ್ಜ್ ತರ ಪ್ರೀಪೇಯ್ಡ್ ಆಗಿಯೂ ಓಡಿಸಬಹುದು.

ಕೇಂದ್ರ ಸರ್ಕಾರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರ ಜೂನ್‌ನಲ್ಲಿ ಒಂದು ತಿದ್ದುಪಡಿ ಬಂತು. ಸ್ಮಾರ್ಟ್ ಮೀಟರನ್ನು ದಿನಕ್ಕೆ ಕನಿಷ್ಠ ಒಂದು ಸಲ ದೂರದಿಂದಲೇ ಓದಬೇಕು, ಆ ಮಾಹಿತಿಯನ್ನು ಗ್ರಾಹಕರಿಗೂ ಕೊಡಬೇಕು ಅಂತ ಅದರಲ್ಲಿದೆ. ಅಂದ್ರೆ ದಿನದ ಬಳಕೆ ನೋಡೋದು ನಿಮ್ಮ ಹಕ್ಕು, ಕಂಪನಿ ತೋರಿಸೋ ದೊಡ್ಡಸ್ತಿಕೆ ಅಲ್ಲ. ಇದನ್ನು ನೆನಪಿಟ್ಕೊಳ್ಳಿ.

ಬೇರೆ ದೇಶಗಳಲ್ಲಿ ಎಷ್ಟು ಉಳಿಯಿತು?

ಇದನ್ನು ನಮಗಿಂತ ಮೊದಲು ಮಾಡಿದ ದೇಶಗಳ ಲೆಕ್ಕ ನೋಡೋಣ, ಯಾಕಂದ್ರೆ ಅಲ್ಲಿ ಹಾಕಿಸಿದವರನ್ನೂ ಹಾಕಿಸದವರನ್ನೂ ಹೋಲಿಸಿ ಅಳೆದಿದ್ದಾರೆ.

ಬ್ರಿಟನ್‌ನಲ್ಲಿ ಸ್ಮಾರ್ಟ್ ಮೀಟರ್ ಜೊತೆಗೆ ಮನೆಯೊಳಗೆ ಇಡೋ ಒಂದು ಚಿಕ್ಕ ಡಿಸ್‌ಪ್ಲೇ ಕೂಡ ಕೊಡ್ತಾರೆ. ಅಡುಗೆಮನೆಯಲ್ಲೋ ಹಾಲ್‌ನಲ್ಲೋ ಇಟ್ಟರೆ ಈ ಕ್ಷಣಕ್ಕೆ ಎಷ್ಟು ಕರೆಂಟ್ ಹೋಗ್ತಿದೆ, ಎಷ್ಟು ದುಡ್ಡಾಯ್ತು ಅಂತ ತೋರಿಸುತ್ತೆ. ಅಲ್ಲಿನ ಸರ್ಕಾರ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಿದ್ಯುತ್ ಬಳಕೆ ಸರಾಸರಿ ಶೇ. 2.2ರಷ್ಟು ಕಡಿಮೆಯಾಗಿತ್ತು.

ಐರ್ಲೆಂಡ್‌ನ ಪ್ರಯೋಗದಲ್ಲಿ ಸುಮಾರು ಐದು ಸಾವಿರ ಮನೆಗಳಿದ್ದವು. ಅಲ್ಲಿ ಹೊತ್ತಿಗೊಂದು ದರ ಕೂಡ ಇಟ್ಟಿದ್ದರು, ಅಂದ್ರೆ ಸಂಜೆ ದುಬಾರಿ, ರಾತ್ರಿ ಅಗ್ಗ. 2011ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಒಟ್ಟು ಬಳಕೆ ಶೇ. 2.5ರಷ್ಟು ಇಳಿದಿತ್ತು, ಎಲ್ಲರೂ ಒಟ್ಟಿಗೆ ಕರೆಂಟ್ ಬಳಸೋ ಪೀಕ್ ಹೊತ್ತಿನ ಬಳಕೆ ಶೇ. 8.8ರಷ್ಟು ಇಳಿದಿತ್ತು. ಗಮನಿಸಿ, ದರ ಬೇರೆ ಮಾಡಿದ ಹೊತ್ತಿನಲ್ಲೇ ದೊಡ್ಡ ಬದಲಾವಣೆ ಬಂದಿದ್ದು.

ಜರ್ಮನಿಯವರು ಇನ್ನೂ ಹುಷಾರು. ಎಲ್ಲಾ ಮನೆಗೂ ಕಡ್ಡಾಯ ಮಾಡಿದ್ರೆ ಸಣ್ಣ ಬಳಕೆದಾರರಿಗೆ ಮೀಟರಿನ ಖರ್ಚೇ ಉಳಿತಾಯಕ್ಕಿಂತ ಜಾಸ್ತಿ ಅಂತ 2013ರ ಒಂದು ವರದಿ ಅಲ್ಲಿ ಹೇಳಿತು. ಆಮೇಲೆ ವರ್ಷಕ್ಕೆ 6,000 ಯೂನಿಟ್‌ಗಿಂತ ಹೆಚ್ಚು ಬಳಸೋರಿಗೆ ಮೊದಲು ಅಂತ ತೀರ್ಮಾನ ಮಾಡಿದರು. 6,000 ಅಂದ್ರೆ ತಿಂಗಳಿಗೆ 500 ಯೂನಿಟ್. ನಮ್ಮ ಕಡೆ ಎಸಿ, ಎರಡು ಫ್ರಿಜ್ ಇರೋ ದೊಡ್ಡ ಮನೆ ಅನ್ಕೊಳ್ಳಿ.

ಈ ಶೇ. 2.5 ನಮ್ಮ ಜೇಬಿಗೆ ಎಷ್ಟು?

ಈಗ ಲೆಕ್ಕ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಕರ್ನಾಟಕದ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಹೆಸರಿನ ಸರ್ಚಾರ್ಜ್ 36 ಪೈಸೆ, ವಿದ್ಯುತ್ ತೆರಿಗೆ ಶೇ. 9. ಎಲ್ಲಾ ಸೇರಿಸಿದ್ರೆ ಒಂದು ಯೂನಿಟ್ ಸುಮಾರು 6 ರೂಪಾಯಿ 70 ಪೈಸೆಗೆ ಬೀಳುತ್ತೆ. ನಿಗದಿತ ಶುಲ್ಕ, ಅಂದ್ರೆ ಫಿಕ್ಸೆಡ್ ಚಾರ್ಜ್ ಬೇರೆ. ಅದರ ಕಥೆ ಆಮೇಲೆ.

ತಿಂಗಳಿಗೆ 250 ಯೂನಿಟ್ ಉರಿಸೋ ಒಂದು ಮನೆ ತಗೊಳ್ಳಿ. ಐರ್ಲೆಂಡ್‌ನಷ್ಟೇ ಶಿಸ್ತಾಗಿ ಶೇ. 2.5 ಕಡಿಮೆ ಮಾಡಿದ್ರು ಅನ್ಕೊಳ್ಳೋಣ. ಉಳಿದಿದ್ದು ಆರೂ ಕಾಲು ಯೂನಿಟ್. ದುಡ್ಡಲ್ಲಿ ಹೇಳಿದ್ರೆ 42 ರೂಪಾಯಿ. ವರ್ಷಕ್ಕೆ ಸುಮಾರು 500.

ಇಲ್ಲಿ ಒಬ್ಬ ಕೇಳುಗರ ಮೆಸೇಜ್ ಹೇಳ್ಬೇಕು. ಡೆಲಿವರಿ ಕೆಲಸ ಮಾಡ್ತಾರೆ. 20/30 ಸೈಟಲ್ಲಿ ಅಪ್ಪ-ಅಮ್ಮನಿಗೆ ಅಂತ ಮನೆ ಕಟ್ಟಿಸ್ತಾ ಇದ್ದಾರೆ. ಅವರು ಹೇಳಿದ ಮಾತು: "ಅಣ್ಣಾ, ಹೊಸ ಕನೆಕ್ಷನ್‌ಗೆ ಸ್ಮಾರ್ಟ್ ಮೀಟರೇ ಹಾಕ್ಬೇಕಂತೆ. ಕೊಟ್ಟ ದುಡ್ಡು ಯಾವಾಗ ವಾಪಸ್ ಬರುತ್ತೆ, ಅದನ್ನ ಹೇಳಿ ಸಾಕು."

ಹಿನ್ನೆಲೆ ಗೊತ್ತಿಲ್ಲದವರಿಗೆ: 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಆಗ ಸಿಂಗಲ್ ಫೇಸ್ ಸ್ಮಾರ್ಟ್ ಮೀಟರಿನ ಬೆಲೆ ಸುಮಾರು 5,000 ರೂಪಾಯಿ ಇತ್ತು. ಮೊದಲು ಹಾಕಿಸ್ತಿದ್ದ ಮಾಮೂಲಿ ಮೀಟರ್ ಸಾವಿರ ರೂಪಾಯಿ ಆಸುಪಾಸಿನದು. ಈ ಬೆಲೆ ವಿಧಾನಸಭೆಯಲ್ಲೂ ಗಲಾಟೆಯಾಯ್ತು, ಹೈಕೋರ್ಟಿಗೂ ಹೋಯ್ತು.

ಸರಿ, ವರ್ಷಕ್ಕೆ 500 ಉಳಿದ್ರೆ 5,000 ವಾಪಸ್ ಬರೋಕೆ ಹತ್ತು ವರ್ಷ. ಅದೂ 250 ಯೂನಿಟ್ ಬಳಸೋ ಮನೆಗೆ. ಅಪ್ಪ-ಅಮ್ಮ ಇಬ್ಬರೇ ಇರೋ ಮನೆಯಲ್ಲಿ 70, 80 ಯೂನಿಟ್ ಬಂದ್ರೆ ಹೆಚ್ಚು. ಆ ಮನೆಗೆ ಗೃಹಜ್ಯೋತಿ ಸಿಕ್ಕಿ ಬಿಲ್ ಸೊನ್ನೆ ಬರ್ತಾ ಇದ್ರೆ, ಉಳಿತಾಯವೂ ಸೊನ್ನೆ. ಆ ಕೇಳುಗರಿಗೆ ನಾನು ಹೇಳಿದ್ದು ಇಷ್ಟೇ: ಅದನ್ನು ಮನೆ ಕಟ್ಟೋ ಖರ್ಚು ಅಂತ ಬರ್ಕೊಳ್ಳಿ, ಹೂಡಿಕೆ ಅಂತ ಅಲ್ಲ.

ಹೋಲಿಕೆಗೆ ಫ್ಯಾನ್ ನೋಡಿ. ಹಳೆ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತೆ. ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ ಹತ್ತು ಗಂಟೆ ಓಡಿದ್ರೆ ತಿಂಗಳಿಗೆ ಹದಿಮೂರೂವರೆ ಯೂನಿಟ್ ವ್ಯತ್ಯಾಸ, ಅಂದ್ರೆ 90 ರೂಪಾಯಿ. ಫ್ಯಾನಿಗೆ 3,000 ಕೊಟ್ರೂ ಮೂರು ವರ್ಷದೊಳಗೆ ದುಡ್ಡು ವಾಪಸ್. ಒಂದೇ ಒಂದು ಫ್ಯಾನ್, ಸ್ಮಾರ್ಟ್ ಮೀಟರಿನ ಎರಡರಷ್ಟು ಉಳಿಸಿತು.

ಹೊತ್ತು ನೋಡಿ ಬಳಸಿದ್ರೆ ಲಾಭ ಇಲ್ವಾ?

ಇದು ಸ್ಮಾರ್ಟ್ ಮೀಟರ್ ಪರ ಮಾತಾಡೋರ ಮುಖ್ಯ ವಾದ. ಮಧ್ಯಾಹ್ನ ವಾಷಿಂಗ್ ಮಷಿನ್ ಹಾಕಿ, ಸಂಜೆ ಬೇಡ, ಬಿಲ್ ಕಡಿಮೆ ಆಗುತ್ತೆ ಅಂತಾರೆ. ಮಾತು ಸರಿ. ಆದರೆ ಮಧ್ಯಾಹ್ನದ ದರ ಕಡಿಮೆ ಇದ್ರೆ ಮಾತ್ರ.

ನಮ್ಮಲ್ಲಿ 2024ರ ಮಾರ್ಚ್‌ವರೆಗೆ ಮನೆಗಳಿಗೆ ಎರಡು ದರ ಇತ್ತು. 100 ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ, ಅದು ದಾಟಿದ್ರೆ ಎಲ್ಲಾ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಕೆಇಆರ್‌ಸಿ, ಅಂದ್ರೆ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅದನ್ನು ತೆಗೆದು ಎಲ್ಲಾ ಯೂನಿಟ್‌ಗೂ ಒಂದೇ ದರ ಮಾಡಿತು. ಮೊದಲು 5.90, ಮುಂದಿನ ವರ್ಷ 5.80. ಬೆಳಗ್ಗೆ ಆರಕ್ಕೆ ಗೀಸರ್ ಹಾಕಿದ್ರೂ ಅಷ್ಟೇ, ಮಧ್ಯಾಹ್ನ ಎರಡಕ್ಕೆ ಇಸ್ತ್ರಿ ಮಾಡಿದ್ರೂ ಅಷ್ಟೇ. ಒಂದೇ ದರ ಇರುವಾಗ ಹೊತ್ತು ಬದಲಾಯಿಸಿ ಸಿಗೋದು ಏನೂ ಇಲ್ಲ. ಸ್ಮಾರ್ಟ್ ಮೀಟರ್ ಅರ್ಧ ಗಂಟೆಗೊಂದು ಸಂಖ್ಯೆ ಬರೆದಿಟ್ರೂ, ಆ ಸಂಖ್ಯೆಗಳಿಗೆಲ್ಲ ಬೆಲೆ ಒಂದೇ.

ಮುಂದೆ ಇದು ಬದಲಾಗಬಹುದು. ನಾನು ಆಗಲೇ ಹೇಳಿದ 2023ರ ತಿದ್ದುಪಡಿಯಲ್ಲೇ ಹೊತ್ತಿಗೊಂದು ದರದ ವಿಷಯವೂ ಇದೆ. ಸೋಲಾರ್ ವಿದ್ಯುತ್ ಹೇರಳವಾಗಿ ಸಿಗೋ ಹಗಲಿನ ಎಂಟು ಗಂಟೆ ದರ ಕನಿಷ್ಠ ಶೇ. 20 ಕಡಿಮೆ ಇರಬೇಕು, ಪೀಕ್ ಹೊತ್ತಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚಿರಬೇಕು ಅಂತ. ಪಾವಗಡದಂಥ ಕಡೆ ಎರಡು ಸಾವಿರ ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇಟ್ಕೊಂಡಿರೋ ರಾಜ್ಯ ನಮ್ಮದು. ಹಗಲಲ್ಲಿ ಕರೆಂಟ್ ಸಾಕಷ್ಟು, ಸೂರ್ಯ ಮುಳುಗಿದ ಮೇಲೆ ಪರದಾಟ. ಹಾಗಾಗಿ ಈ ದರದ ಹಿಂದೆ ಅರ್ಥ ಇದೆ.

ಆದರೆ ಇದ್ರಿಂದ ಯಾರಿಗೆ ಲಾಭ ಅಂತ ಲೆಕ್ಕ ಹಾಕಿ. ಅದೇ 250 ಯೂನಿಟ್ ಮನೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ಅಡುಗೆ, ಟಿವಿ, ಮಕ್ಕಳ ಓದು, ಬಟ್ಟೆ ಒಗೆಯೋದು ಎಲ್ಲಾ ಸಂಜೆ. 100 ಯೂನಿಟ್ ಪೀಕ್ ಹೊತ್ತಲ್ಲಿ ಹೋಯ್ತು ಅನ್ಕೊಳ್ಳಿ. ಶೇ. 10 ಹೆಚ್ಚು ಅಂದ್ರೆ ತಿಂಗಳಿಗೆ 58 ರೂಪಾಯಿ ಜಾಸ್ತಿ. ಇದನ್ನು ಸರಿದೂಗಿಸೋಕೆ ಹಗಲಿನ ಅಗ್ಗದ ಹೊತ್ತಲ್ಲಿ 50 ಯೂನಿಟ್ ಬಳಸಿರಬೇಕು. ಅದಕ್ಕಿಂತ ಹೆಚ್ಚು ಬಳಸಿದ್ರೆ ಲಾಭ, ಕಡಿಮೆ ಬಳಸಿದ್ರೆ ನಷ್ಟ. ಹಗಲು ಮನೆಗೆ ಬೀಗ ಹಾಕಿ ಹೋಗೋರು ನಷ್ಟದ ಕಡೆ. ಅತ್ತೆ-ಮಾವ ಮನೆಯಲ್ಲಿದ್ದು, ಮಧ್ಯಾಹ್ನವೇ ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿ, ಬಟ್ಟೆ ಒಗೆದು ಮುಗಿಸೋ ಮನೆ ಲಾಭದ ಕಡೆ. ಮೀಟರ್ ಒಂದೇ, ಮನೆ ಬೇರೆ, ಬಿಲ್ ಬೇರೆ.

200ರ ಗೆರೆ: ಇಲ್ಲಿ ಮಾತ್ರ ನಿಜವಾದ ದುಡ್ಡಿದೆ

ಈಗ ಗೃಹಜ್ಯೋತಿ. 2023ರ ಜುಲೈನಿಂದ ಜಾರಿಯಲ್ಲಿರೋ ಈ ಯೋಜನೆಯ ಲೆಕ್ಕ ಬಹಳ ಜನಕ್ಕೆ ಇನ್ನೂ ಪೂರ್ತಿ ಗೊತ್ತಿಲ್ಲ. "200 ಯೂನಿಟ್ ಫ್ರೀ" ಅಂತ ಎಲ್ಲರೂ ಹೇಳ್ತೀವಿ, ಆದರೆ ಎಲ್ಲರಿಗೂ 200 ಫ್ರೀ ಅಲ್ಲ. ನಿಮ್ಮ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಸರಾಸರಿ 90 ಇದ್ರೆ ನಿಮ್ಮ ಪಾಲು 99 ಯೂನಿಟ್. ತುಂಬಾ ಕಡಿಮೆ ಬಳಸ್ತಿದ್ದ ಮನೆಗಳಿಗೆ, ಅಂದ್ರೆ ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದೋರಿಗೆ, ಆಮೇಲೆ ಶೇ. 10ರ ಬದಲು 10 ಯೂನಿಟ್ ಹೆಚ್ಚು ಕೊಟ್ಟರು.

99 ಯೂನಿಟ್ ಪಾಲಿರೋ ಮನೆಯಲ್ಲಿ 95 ಬಳಸಿದ್ರೂ ಬಿಲ್ ಸೊನ್ನೆ, 85 ಬಳಸಿದ್ರೂ ಸೊನ್ನೆ. ಹತ್ತು ಯೂನಿಟ್ ಉಳಿಸಿದ್ದಕ್ಕೆ ನಿಮಗೆ ಒಂದು ರೂಪಾಯಿಯೂ ಸಿಗಲ್ಲ, ಸರ್ಕಾರದ ಸಬ್ಸಿಡಿ ಉಳಿಯುತ್ತೆ ಅಷ್ಟೆ. 110 ಬಳಸಿದ್ರೆ ಹೆಚ್ಚಾದ 11 ಯೂನಿಟ್‌ಗೆ ಕಟ್ಟಬೇಕು. ಆದರೆ 200 ದಾಟಿದ್ರೆ? ಆಗ ಹೆಚ್ಚಾದ ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಿಮ್ಮದೇ.

ಒಂದು ಉದಾಹರಣೆ. ಸರಾಸರಿ 180 ಇದ್ದ ಮನೆ. ಪಾಲು 198. ಈ ತಿಂಗಳು ಸರಿಯಾಗಿ 200 ಬಳಸಿದ್ರು. ಎರಡು ಯೂನಿಟ್‌ನ ದುಡ್ಡು, ಹದಿಮೂರು ರೂಪಾಯಿ ಚಿಲ್ಲರೆ. ಮುಂದಿನ ತಿಂಗಳು 201 ಬಳಸಿದ್ರು. ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ರೆ ಬಿಲ್ ಸುಮಾರು 1,630 ರೂಪಾಯಿ. ಒಂದೇ ಒಂದು ಯೂನಿಟ್. ಅಂದ್ರೆ ಒಂದು ದಿನ ಗೀಸರ್ ಅರ್ಧ ಗಂಟೆ ಜಾಸ್ತಿ ಉರಿದಿದ್ದಕ್ಕೆ 1,600 ರೂಪಾಯಿ ದಂಡ ಇದ್ದ ಹಾಗೆ. ತಿಂಗಳಿಗೆ ಹದಿನೈದು ಸಾವಿರದಲ್ಲಿ ಸಂಸಾರ ಮಾಡೋ ಮನೆಯಲ್ಲಿ ಇದು ಒಂದು ವಾರದ ದಿನಸಿ.

ನನ್ನ ಪ್ರಕಾರ ಕರ್ನಾಟಕದ ಮಧ್ಯಮ ವರ್ಗದ ಮನೆಗೆ ಸ್ಮಾರ್ಟ್ ಮೀಟರಿನ ಅತಿ ದೊಡ್ಡ ಉಪಯೋಗ ಇದೇ ಆಗಬಹುದು. ತಿಂಗಳ ಮಧ್ಯದಲ್ಲೇ "ನೀವು 120 ಯೂನಿಟ್ ದಾಟಿದ್ದೀರಿ" ಅಂತ ಫೋನಿಗೆ ಒಂದು ಮೆಸೇಜ್ ಬಂದ್ರೆ ಸಾಕು, ಉಳಿದ ಹದಿನೈದು ದಿನ ಹುಷಾರಾಗಬಹುದು. ಆಪ್‌ನಲ್ಲಿ ಬಣ್ಣಬಣ್ಣದ ಗ್ರಾಫ್ ಇಲ್ಲದಿದ್ರೂ ನಡೆಯುತ್ತೆ, ಆ ಒಂದು ಮೆಸೇಜ್ ಬೇಕು.

ಒಳ್ಳೆ ಸುದ್ದಿ ಏನಂದ್ರೆ, ಇದಕ್ಕೆ ಸ್ಮಾರ್ಟ್ ಮೀಟರ್ ಬರೋವರೆಗೂ ಕಾಯಬೇಕಿಲ್ಲ. ನಿಮ್ಮ ಬಿಲ್‌ನಲ್ಲಿ ಪ್ರಸ್ತುತ ರೀಡಿಂಗ್ ಅಂತ ಒಂದು ಸಂಖ್ಯೆ ಇದೆ. ಬಿಲ್ ಬಂದ ಹದಿನೈದನೇ ದಿನ ಮೀಟರ್ ಮುಂದೆ ನಿಂತು ಫೋಟೋ ತೆಗೀರಿ. ಈಗಿನ ಸಂಖ್ಯೆಯಿಂದ ಬಿಲ್‌ನಲ್ಲಿರೋದನ್ನು ಕಳೀರಿ. 100ರೊಳಗೆ ಇದ್ರೆ ನಿಶ್ಚಿಂತೆ. ದಾಟಿದ್ರೆ ಎಚ್ಚರ. ದಿನದ ಲೆಕ್ಕದಲ್ಲಿ ಹೇಳೋದಾದ್ರೆ ಆರೂವರೆ ಯೂನಿಟ್ ದಾಟಬಾರದು. ನಾನು ನಮ್ಮ ಬಾಡಿಗೆ ಮನೆಯಲ್ಲಿ ಪ್ರತಿ ತಿಂಗಳು ಇದನ್ನೇ ಮಾಡ್ತೀನಿ, ಫೋನಲ್ಲಿ ರಿಮೈಂಡರ್ ಇಟ್ಟಿದ್ದೀನಿ. ಎರಡು ನಿಮಿಷದ ಕೆಲಸ.

ಯಾರೂ ನೋಡದ ಇನ್ನೊಂದು ಸಾಲು

ಬಿಲ್‌ನಲ್ಲಿ "ಮಂಜೂರಾದ ಲೋಡ್" ಅಂತ ಒಂದು ಸಾಲಿರುತ್ತೆ. ಫಿಕ್ಸೆಡ್ ಚಾರ್ಜ್ ಹಾಕೋದು ಅದರ ಮೇಲೆ. 2025ರ ಏಪ್ರಿಲ್‌ನಿಂದ ಮನೆಗಳಿಗೆ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಅದಕ್ಕೂ ಮೊದಲು 120 ಇತ್ತು. ಗಮನಿಸಿದ್ರಾ? ಯೂನಿಟ್ ದರ ಹತ್ತು ಪೈಸೆ ಇಳಿಸಿ, ಫಿಕ್ಸೆಡ್ ಚಾರ್ಜ್ 25 ರೂಪಾಯಿ ಏರಿಸಿದರು. ಅಂದ್ರೆ ನೀವು ಸ್ವಿಚ್ ಆಫ್ ಮಾಡಿದ್ರೂ ಕಟ್ಟಲೇಬೇಕಾದ ಭಾಗ ಬೆಳೀತಾ ಇದೆ, ಉಳಿಸಬಹುದಾದ ಭಾಗ ಕುಗ್ಗುತ್ತಾ ಇದೆ. ಇದನ್ನು ಯಾವ ಮೀಟರೂ ಸರಿಮಾಡಲ್ಲ.

ಆದರೆ ಒಂದು ದಾರಿ ಇದೆ. ಮನೆ ಕಟ್ಟುವಾಗ ಮುಂದೆ ಎಸಿ ಹಾಕ್ಬಹುದು ಅಂತ ಎಷ್ಟೋ ಜನ 5 ಕಿಲೋವ್ಯಾಟ್ ತಗೊಂಡಿರ್ತಾರೆ. ನಿಜವಾಗಿ ಒಂದೇ ಹೊತ್ತಿಗೆ ಎಳೆಯೋದು ಎರಡೂವರೆ, ಮೂರು. ಒಂದು ತಿಂಗಳಲ್ಲಿ ನಿಮ್ಮ ಮನೆ ಅತಿ ಹೆಚ್ಚು ಎಳೆದ ಲೋಡನ್ನು ಎಂಡಿ ಅಂತಾರೆ, ಅದು ಬಿಲ್‌ನಲ್ಲೂ ಬರುತ್ತೆ. ವರ್ಷಪೂರ್ತಿ ಎಂಡಿ 3 ದಾಟಿಲ್ಲ ಅಂದ್ರೆ ಲೋಡ್ ಇಳಿಸೋಕೆ ಅರ್ಜಿ ಹಾಕಿ. 5ರಿಂದ 3ಕ್ಕೆ ಇಳಿದ್ರೆ ತಿಂಗಳಿಗೆ 290 ರೂಪಾಯಿ, ವರ್ಷಕ್ಕೆ 3,480. ಸ್ಮಾರ್ಟ್ ಮೀಟರ್ ಉಳಿಸೋ 500ರ ಮುಂದೆ ಇದು ಏಳು ಪಟ್ಟು.

ಎಂಡಿ ಲೋಡ್‌ಗಿಂತ ಜಾಸ್ತಿ ಬಂದ್ರೆ? ಸ್ಮಾರ್ಟ್ ಮೀಟರ್ ಇರೋರಿಗೆ ಕೇಂದ್ರದ ನಿಯಮ ಹೇಳೋದು ಹೀಗೆ: ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದ್ರೆ ಮಾತ್ರ ಮಂಜೂರಾದ ಲೋಡನ್ನು ಪರಿಷ್ಕರಿಸಬೇಕು, ಅದೂ ಮೀರಿದ ತಿಂಗಳುಗಳಲ್ಲಿ ಅತಿ ಕಡಿಮೆ ಇದ್ದ ಎಂಡಿ ಆಧಾರದ ಮೇಲೆ. ಸ್ಮಾರ್ಟ್ ಮೀಟರ್ ಹಾಕುವ ಮೊದಲಿನ ಅವಧಿಗೆ, ಈ ಹೊಸ ಮೀಟರ್ ತೋರಿಸಿದ ಎಂಡಿ ಇಟ್ಕೊಂಡು ದಂಡ ಹಾಕುವಂತಿಲ್ಲ ಅಂತಲೂ ಇದೆ.

ಹಾಗಾದ್ರೆ ಜೋರಾಗಿ ಓಡುತ್ತೆ ಅನ್ನೋದು?

ಈ ಭಯ ನಮ್ಮಲ್ಲಿ ಮಾತ್ರ ಇಲ್ಲ. 2024ರ ಮೇನಲ್ಲಿ ಗುಜರಾತಿನ ವಡೋದರಾದಲ್ಲಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ವಿರುದ್ಧ ಜನ ಬೀದಿಗಿಳಿದರು. ಬಿಲ್ ವಿಪರೀತ ಬರ್ತಿದೆ ಅನ್ನೋದೇ ದೂರು.

ಇದಕ್ಕೆ ಕೆಲವು ಕಾರಣ ಇರಬಹುದು. ಮೊದಲನೇದು, ತೀರಾ ಹಳೆ, ಚಕ್ರ ತಿರುಗೋ ಮೀಟರ್‌ಗಳು ವಯಸ್ಸಾದಂತೆ ನಿಧಾನ ಆಗ್ತವೆ, ಸಣ್ಣ ಲೋಡನ್ನು ಸರಿಯಾಗಿ ಲೆಕ್ಕ ಹಿಡಿಯಲ್ಲ. ಹೊಸ ಮೀಟರ್ ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್, ಚಾರ್ಜರ್ ಎಲ್ಲವನ್ನೂ ಎಣಿಸುತ್ತೆ. ಬಳಕೆ ಏರಿಲ್ಲ, ಎಣಿಕೆ ಏರಿದೆ. ಎರಡನೇದು, ಪ್ರೀಪೇಯ್ಡ್‌ಗೆ ಬದಲಾಯಿಸುವಾಗ ಹಳೆ ಬಾಕಿಯನ್ನು ಬ್ಯಾಲೆನ್ಸಿಂದ ಮುರ್ಕೊಂಡ್ರೆ ಬಳಕೆಗಿಂತ ಜಾಸ್ತಿ ಹೋದಂಗೆ ಕಾಣುತ್ತೆ. ಮೂರನೇದು, ಮೀಟರೇ ಕೆಟ್ಟಿರಬಹುದು. ಯಂತ್ರ ಅಂದ್ಮೇಲೆ ಕೆಡುತ್ತೆ.

ನಿಮಗೆ ಅನುಮಾನ ಇದ್ರೆ ಜಗಳ ಆಡಬೇಕಿಲ್ಲ, ಒಂದು ಹಕ್ಕಿದೆ. 2024ರ ಫೆಬ್ರವರಿಯ ತಿದ್ದುಪಡಿ ಪ್ರಕಾರ, ರೀಡಿಂಗ್ ಸರಿಯಿಲ್ಲ ಅಂತ ದೂರು ಕೊಟ್ರೆ ಕಂಪನಿ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಬೇಕು. ದೂರು ಬರವಣಿಗೆಯಲ್ಲಿ ಕೊಡಿ, ದೂರಿನ ನಂಬರ್ ಇಟ್ಕೊಳ್ಳಿ, ಆರ್‌ಆರ್ ನಂಬರ್ ಬರೆಯೋದು ಮರೀಬೇಡಿ.

ಮತ್ತೆ ಲಾಭ ಯಾರಿಗೆ?

ಕಾಮರ್ಸ್ ಓದಿದವನು ಕೊನೆಗೆ ಕೇಳೋ ಪ್ರಶ್ನೆ ಇದು: ಖರ್ಚು ಯಾರದು, ಲಾಭ ಯಾರದು?

ವಿದ್ಯುತ್ ಕಂಪನಿಗೆ ಲಾಭ ಸ್ಪಷ್ಟ. ಮನೆಮನೆಗೆ ಹೋಗಿ ರೀಡಿಂಗ್ ತೆಗೆಯೋ ಖರ್ಚಿಲ್ಲ. ಕಳ್ಳತನ ಎಲ್ಲಿ ಆಗ್ತಿದೆ ಅಂತ ಗೊತ್ತಾಗುತ್ತೆ. ಬಾಕಿ ಇಟ್ಟೋರ ಸಂಪರ್ಕ ಕಟ್ ಮಾಡೋದು ಸುಲಭ. ಪ್ರೀಪೇಯ್ಡ್ ಆದ್ರೆ ದುಡ್ಡು ಮೊದಲೇ ಕೈಗೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಆರ್‌ಡಿಎಸ್‌ಎಸ್ ಯೋಜನೆಯಲ್ಲಿ ದೇಶದಾದ್ಯಂತ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಹಾಕೋ ಗುರಿ ಇಟ್ಟಿದ್ದು ಮುಖ್ಯವಾಗಿ ಕಂಪನಿಗಳ ನಷ್ಟ ಇಳಿಸೋಕೆ. ಅದು ತಪ್ಪಲ್ಲ. ಕಂಪನಿಯ ನಷ್ಟ ಇಳಿದ್ರೆ ಮುಂದೊಂದು ದಿನ ದರವೂ ಇಳಿಯಬಹುದು. ಆದರೆ ಆ ಲಾಭ ಎಲ್ಲರಿಗೂ ಹಂಚಿಹೋಗುವಂಥದ್ದು, ಮೀಟರಿನ ದುಡ್ಡು ಮಾತ್ರ ಮನೆ ಕಟ್ಟಿದವನು ಒಬ್ಬನೇ ಇವತ್ತೇ ಕೊಡಬೇಕು. ಇದೇ ನನಗೆ ಸರಿ ಕಾಣದ ಜಾಗ.

ಪ್ರೀಪೇಯ್ಡ್ ಬಗ್ಗೆ ಒಂದು ಮಾತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ತಿಂಗಳ ಬಿಲ್‌ನಿಂದ ಪ್ರೀಪೇಯ್ಡ್ ಮೀಟರ್‌ಗೆ ಬದಲಾದ ಮನೆಗಳಲ್ಲಿ ಬಳಕೆ ಸುಮಾರು ಶೇ. 14 ಇಳಿದಿತ್ತು ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಶೇ. 2.5ರ ಮುಂದೆ ಇದು ದೊಡ್ಡ ಸಂಖ್ಯೆ. ಬ್ಯಾಲೆನ್ಸ್ ಕರಗೋದು ಕಣ್ಣಿಗೆ ಕಂಡ್ರೆ ಕೈ ತಾನಾಗಿ ಬಿಗಿಯಾಗುತ್ತೆ. ಆದರೆ ಯಾರು, ಏನನ್ನು ಬಿಟ್ಟು ಉಳಿಸಿದ್ರು ಅಂತಲೂ ಕೇಳಬೇಕು. ಖಾಲಿ ರೂಮಿನ ಲೈಟ್ ಆಫ್ ಮಾಡಿ ಉಳಿಸೋದು ಬೇರೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಲ್ಲೋ ಕಲಬುರಗಿಯಲ್ಲೋ ಬ್ಯಾಲೆನ್ಸ್ ಇಲ್ಲ ಅಂತ ಮಗು ಮಲಗಿರೋ ರೂಮಿನ ಫ್ಯಾನ್ ಆಫ್ ಮಾಡೋದು ಬೇರೆ. ಎರಡೂ ಕಂಪನಿಯ ಲೆಕ್ಕದಲ್ಲಿ "ಉಳಿತಾಯ" ಅಂತಲೇ ಬರುತ್ತೆ.

ಈಗ ನೀವು ಮಾಡಬಹುದಾದ್ದು

ಹಳೆ ಮೀಟರ್ ಚೆನ್ನಾಗಿದೆ, ಬದಲಾಯಿಸೋದು ನಿಮ್ಮ ಇಷ್ಟಕ್ಕೆ ಬಿಟ್ಟಿದೆ ಅಂದ್ರೆ, ಬರೀ ದುಡ್ಡು ಉಳಿಸೋ ಆಸೆಗೆ ಸ್ಮಾರ್ಟ್ ಮೀಟರ್ ಹಾಕಿಸಬೇಡಿ. ಆ 5,000ದಲ್ಲಿ ಹಗಲು-ರಾತ್ರಿ ಓಡೋ ಒಂದೆರಡು ಫ್ಯಾನ್ ಬದಲಾಯಿಸಿ.

ಹೊಸ ಮನೆಗೆ ಕಡ್ಡಾಯ ಅಂದ್ರೆ, ದುಡ್ಡು ಹೇಗೂ ಕೊಟ್ಟಿದ್ದೀರಿ, ಅದರ ಉಪಯೋಗ ಪೂರ್ತಿ ತಗೊಳ್ಳಿ. ದಿನದ ಬಳಕೆ ನಿಮ್ಮ ಫೋನಲ್ಲಿ ಎಲ್ಲಿ ಸಿಗುತ್ತೆ ಅಂತ ಮೀಟರ್ ಹಾಕೋ ದಿನವೇ ಕೇಳಿ. ಲೋಡ್ ಬೇಕಾದ್ದಕ್ಕಿಂತ ಜಾಸ್ತಿ ಬರೆಸಬೇಡಿ. ಹೊತ್ತಿಗೊಂದು ದರ ಬಂದ ದಿನ ನಿಮ್ಮ ಮನೆ ಲಾಭದ ಕಡೆ ಇದೆಯಾ ನಷ್ಟದ ಕಡೆ ಇದೆಯಾ ಅಂತ ಲೆಕ್ಕ ಹಾಕೋಕೆ ಆ ಮಾಹಿತಿಯೇ ಬೇಕು.

ಮತ್ತೆ ಎಲ್ಲರಿಗೂ: ಮನೆಯಲ್ಲಿರೋ ಕೊನೇ ಬಿಲ್ ಹುಡುಕಿ. ಪ್ರಸ್ತುತ ರೀಡಿಂಗ್, ಮಂಜೂರಾದ ಲೋಡ್, ಎಂಡಿ, ಗೃಹಜ್ಯೋತಿಯಲ್ಲಿ ನಿಮ್ಮ ಪಾಲಿನ ಯೂನಿಟ್. ಈ ನಾಲ್ಕು ಸಂಖ್ಯೆ ಓದೋಕೆ ಬಂದ್ರೆ ನಿಮ್ಮ ಹಳೆ ಮೀಟರೇ ಅರ್ಧ ಸ್ಮಾರ್ಟ್ ಆಯ್ತು. ನಿಮ್ಮ ಬಿಲ್‌ನಲ್ಲಿ ಏನಾದ್ರೂ ಅರ್ಥ ಆಗದಿದ್ರೆ ಆರ್‌ಆರ್ ನಂಬರ್ ಮುಚ್ಚಿ ಫೋಟೋ ಕಳಿಸಿ. ಮುಂದಿನ ವಾರ ಬಾಡಿಗೆ ಮನೆಯಲ್ಲಿ ಓನರ್ ಹಾಕಿರೋ ಸಬ್ ಮೀಟರ್ ಬಗ್ಗೆ ಮಾತಾಡೋಣ, ಅಲ್ಲಿ ಯೂನಿಟ್‌ಗೆ ಹತ್ತು ರೂಪಾಯಿ ಕೊಡ್ತಿರೋರು ಎಷ್ಟು ಜನ ಅಂತ ಈಗಲೇ ಬರೆದು ತಿಳಿಸಿ. ಸಿಗೋಣ.